ಕ್ಯೂಬಿಗೂ ಸ್ಕ್ರೀನ್ ಬಂದಿದೆ, ಮಗನಿಗೆ ಕೊಡಿಸಬಹುದೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಪಕ್ಕದ ಮನೆ ಹುಡುಗನಿಂದ ರೂಬಿಕ್ಸ್ ಕ್ಯೂಬ್ ಜೋಡಿಸೋದು ಕಲಿತ. ಈಗ ಊಟಕ್ಕೆ ಕೂತರೂ ಕೈಯಲ್ಲಿ ಅದೇ. ಒಂದೂವರೆ ನಿಮಿಷದಲ್ಲಿ ಮುಗಿಸ್ತಾನೆ. ಅಮೆರಿಕದಲ್ಲಿರೋ ನನ್ನ ತಮ್ಮ ದಸರೆಗೆ ಬರ್ತಿದ್ದಾನೆ, ಅಳಿಯನಿಗೆ ಎಲೆಕ್ಟ್ರಾನಿಕ್ ಕ್ಯೂಬ್ ತರ್ತೀನಿ ಅಂತಾನೆ. ಒಂದು ಥರದ್ದು ಫೋನಿನ ಆ್ಯಪ್‌ಗೆ ಕನೆಕ್ಟ್ ಆಗುತ್ತಂತೆ. ಇನ್ನೊಂದರ ಮೈತುಂಬ ಪುಟ್ಟ ಪುಟ್ಟ ಸ್ಕ್ರೀನ್‌ಗಳು, ಅದರಲ್ಲಿ ಬೇರೆ ಬೇರೆ ಗೇಮ್ ಆಡಬಹುದಂತೆ. ನಮ್ಮ ಮನೆಯವರು “ಅದು ಮೊಬೈಲಿನದೇ ಇನ್ನೊಂದು ವೇಷ, ಬೇಡ” ಅಂತಾರೆ. ಮಾವನವರಿಗೆ ರೇಡಿಯೇಷನ್ ಭಯ. ಮಗ “ಚಾಂಪಿಯನ್‌ಗಳೆಲ್ಲ ಅದರಲ್ಲೇ ಪ್ರಾಕ್ಟೀಸ್ ಮಾಡೋದು” ಅಂತ ಹಟ. ಇಲ್ಲೊಂದು ಕ್ಲಾಸಿನವರು ಸ್ಮಾರ್ಟ್ ಕ್ಯೂಬ್ ಸೇರಿಸಿ ಕೋರ್ಸ್ ಮಾಡಿದ್ದಾರೆ, ಐಕ್ಯೂ ಹೆಚ್ಚಾಗುತ್ತೆ ಅಂತ ಬೋರ್ಡನ್ನೇ ಹಾಕಿದ್ದಾರೆ. ಮನೇಲಿ ಎರಡೂವರೆ ವರ್ಷದ ಮಗಳೂ ಇದ್ದಾಳೆ, ಸಿಕ್ಕಿದ್ದೆಲ್ಲ ಬಾಯಿಗೆ. ತಮ್ಮನಿಗೆ ಏನು ಹೇಳಲಿ?
(ಹೆಸರು ಬೇಡವೆಂದವರು, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಮನೆಮಂದಿಯೆಲ್ಲರ ಚಿಂತೆಯೂ ಇದೆ. ಮಕ್ಕಳ ಬೆಳವಣಿಗೆಯ ವೈದ್ಯನಾಗಿ ನನ್ನ ಕಣ್ಣು ಮೊದಲು ನಿಂತಿದ್ದು ಮಗಳ ಬಗ್ಗೆ ಬರೆದ ಸಾಲಿನ ಮೇಲೆ. ಮಗನ ಆಟಿಕೆ ಯಾವುದಾದರೂ ಇರಲಿ, ಅಪಾಯವೊಂದು ಬಂದರೆ ಅದು ಬರುವುದು ಆ ಪುಟ್ಟಿಗೆ. ಹಾಗಾಗಿ ಅದನ್ನೇ ಮೊದಲು ಮುಗಿಸುತ್ತೇನೆ.

ಎಲೆಕ್ಟ್ರಾನಿಕ್ ಆಟಿಕೆ ಮನೆಗೆ ಬರುವ ಮುಂಚೆ ಬ್ಯಾಟರಿ ಯಾವುದು, ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಕೇಳಿ. ಹೆಸರಾಂತ ಕಂಪನಿಗಳ ಸ್ಮಾರ್ಟ್ ಕ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಒಳಗೇ ಕೂತಿರುವ, ಚಾರ್ಜ್ ಮಾಡುವ ಬ್ಯಾಟರಿ ಇರುತ್ತದೆ. ಅದು ಮಗುವಿನ ಕೈಗೆ ಸುಲಭವಾಗಿ ಸಿಗದು. ನನಗೆ ಭಯ ಇರುವುದು ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ, ಆನ್‌ಲೈನಿನ ಅಗ್ಗದ ಸಾಲಿನಲ್ಲಿ ಸಿಗುವ, ಬಣ್ಣದ ಲೈಟು ಮಿನುಗಿಸಿ ಹಾಡು ಹೇಳುವ ಕ್ಯೂಬುಗಳ ಬಗ್ಗೆ. ಇಂಥವುಗಳೊಳಗೆ ಬಟನ್ ಬ್ಯಾಟರಿ, ಅಂದರೆ ನಾಣ್ಯದಂಥ ಚಪ್ಪಟೆ ಬ್ಯಾಟರಿ, ಇರುವುದುಂಟು, ಮುಚ್ಚಳ ಉಗುರಿಗೇ ಕಿತ್ತು ಬರುವುದೂ ಉಂಟು. 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯದು. ಅಲ್ಲಿಯ ಒದ್ದೆಗೆ ತಾಗಿದ ಕೂಡಲೇ ಕರೆಂಟು ಹರಿದು ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. ಅದಕ್ಕೆ ಬ್ಯಾಟರಿ ಒಡೆಯಬೇಕಿಲ್ಲ, ಸೋರಬೇಕಿಲ್ಲ. ಆಟಿಕೆ ನಡೆಸಲು ಸಾಲದಷ್ಟು ಖಾಲಿಯಾದ ಬ್ಯಾಟರಿಯಲ್ಲೂ ಸುಡುವಷ್ಟು ಕಸು ಉಳಿದಿರುತ್ತದೆ.

ಮಗು ನುಂಗಿದೆಯೇನೋ ಎಂಬ ಅನುಮಾನ ಬಂದರೂ ಸಾಕು, ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ನೋಡುವ, ಹೊರತೆಗೆಯುವ) ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸುವ ಉಪಾಯ ಬೇಡ, ನಾಳೆ ಕಕ್ಕಸಿನಲ್ಲಿ ಹೋಗುತ್ತೆ ಬಿಡಿ ಎನ್ನುವವರ ಮಾತೂ ಬೇಡ. ಒಂದು ವರ್ಷ ದಾಟಿದ ಮಗುವಾದರೆ, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಜೇನು ಗಾಯದ ವೇಗವನ್ನು ತಗ್ಗಿಸುತ್ತದೆ, ಚಿಕಿತ್ಸೆಯಲ್ಲ. ಮನೆಯಲ್ಲಿ ಇಲ್ಲದಿದ್ದರೆ ಅಂಗಡಿ ಹುಡುಕುತ್ತ ನಿಲ್ಲಬೇಡಿ.

ಇದನ್ನು ಓದಿ “ಹಾಗಾದರೆ ಸಾದಾ ಕ್ಯೂಬೇ ವಾಸಿ” ಅಂದುಕೊಳ್ಳುವ ಮುಂಚೆ ಇನ್ನೊಂದು ಸಂಗತಿ. ಇವತ್ತಿನ ಸ್ಪೀಡ್ ಕ್ಯೂಬ್‌ಗಳು, ಅಂದರೆ ವೇಗವಾಗಿ ಜೋಡಿಸಲೆಂದೇ ಮಾಡಿದವು, ಬಹುಪಾಲು ಮ್ಯಾಗ್ನೆಟಿಕ್. ಅಂಚಿನ, ಮೂಲೆಯ ತುಂಡುಗಳೊಳಗೆ ಪುಟ್ಟ, ಬಲವಾದ ಆಯಸ್ಕಾಂತಗಳು ಇರುತ್ತವೆ. ಕ್ಯೂಬ್ ಬಿದ್ದು ತುಂಡು ಬಿರಿದು ಅವು ಹೊರಬಂದರೆ, ಒಂದಕ್ಕಿಂತ ಹೆಚ್ಚು ನುಂಗಿದ ಮಗುವಿನ ಕರುಳಿನೊಳಗೆ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳನ್ನು ತೂತು ಮಾಡಬಲ್ಲವು. ಬ್ಯಾಟರಿ ಇಲ್ಲದ ಕ್ಯೂಬಿಗೂ ಮಗಳ ಕೈಗೆ ಎಟುಕದ ಜಾಗ ಬೇಕು. ಬಿರುಕು ಬಿಟ್ಟ ಕ್ಯೂಬನ್ನು ಅಂಟು ಹಾಕಿ ಉಳಿಸಿಕೊಳ್ಳಬೇಡಿ.

ಇನ್ನು ಮಗನ ವಿಷಯ.

ಈ ಆಟಿಕೆ ಹುಟ್ಟಿದ್ದು 1974ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಎರ್ನೋ ರೂಬಿಕ್ ಆಗ ವಿನ್ಯಾಸ ಕಲಿಸುವ ಮೇಷ್ಟ್ರು. ತುಂಡುಗಳು ಒಂದರಿಂದೊಂದು ಕಳಚಿಕೊಳ್ಳದೆ ಬೇರೆ ಬೇರೆ ದಿಕ್ಕಿಗೆ ತಿರುಗುವುದು ಹೇಗೆ ಎಂಬ ಯೋಚನೆಯಲ್ಲಿ ಮರದ ಮಾದರಿ ಮಾಡಿದರು. ಬಣ್ಣ ಹಚ್ಚಿ ತಿರುಗಿಸಿದ ಮೇಲೆ ವಾಪಸು ಜೋಡಿಸಲು ಅವರಿಗೇ ಒಂದು ತಿಂಗಳಿಗಿಂತ ಹೆಚ್ಚು ಬೇಕಾಯಿತು. 1980ರಲ್ಲಿ ಐಡಿಯಲ್ ಟಾಯ್ ಎಂಬ ಅಮೆರಿಕದ ಕಂಪನಿ ಅದನ್ನು ರೂಬಿಕ್ಸ್ ಕ್ಯೂಬ್ ಎಂದು ಜಗತ್ತಿಗೆಲ್ಲ ಮಾರಿತು. 1982ರಲ್ಲಿ ಬುಡಾಪೆಸ್ಟ್‌ನಲ್ಲೇ ನಡೆದ ಮೊದಲ ವಿಶ್ವ ಸ್ಪರ್ಧೆಯಲ್ಲಿ ಗೆದ್ದ ಹೊತ್ತು 22.95 ಸೆಕೆಂಡು. ಈಗ ನಾಲ್ಕು ಸೆಕೆಂಡಿನೊಳಗೆ ಮುಗಿಸುವ ಹುಡುಗರಿದ್ದಾರೆ.

ಇದಕ್ಕೆ ಎಲೆಕ್ಟ್ರಾನಿಕ್ಸ್ ತುರುಕುವ ಪ್ರಯತ್ನವೂ ಹೊಸದಲ್ಲ. ಹದಿನೈದಿಪ್ಪತ್ತು ವರ್ಷದ ಹಿಂದೆ ರೂಬಿಕ್ಸ್ ರೆವಲ್ಯೂಷನ್ ಅಂತ ಒಂದು ಬಂತು. ಆಕಾರ ಕ್ಯೂಬಿನದೇ, ಆದರೆ ತಿರುಗುತ್ತಿರಲಿಲ್ಲ. ಮುಖಕ್ಕೊಂದು ಬಟನ್, ಒಳಗೆ ಆರು ಗೇಮು, ಲೈಟು, ದನಿ. 2009ರಲ್ಲಿ ಟಚ್‌ಕ್ಯೂಬ್ ಬಂತು. ಅದೂ ತಿರುಗದು, ಬೆರಳಿನಿಂದ ಸವರಿದರೆ ಬಣ್ಣಗಳು ಜಾಗ ಬದಲಿಸುತ್ತಿದ್ದವು. ಬೆಲೆ 150 ಡಾಲರ್ ಆಸುಪಾಸು. ಎರಡೂ ಹೇಳಹೆಸರಿಲ್ಲದಂತಾದವು, ಸಾದಾ ಕ್ಯೂಬು ಹಾಗೇ ಉಳಿಯಿತು. ತಿರುಗದ ಕ್ಯೂಬನ್ನು ಯಾರಾದರೂ ಎಷ್ಟು ದಿನ ಹಿಡಿದಾರು?

ಈಗಿನವು ತಿರುಗುತ್ತವೆ. ತಯಾರಕರು ಅಷ್ಟು ಪಾಠ ಕಲಿತಿದ್ದಾರೆ. ನಿಮ್ಮ ತಮ್ಮ ಹೇಳಿದ ಎರಡು ಬಗೆಗಳನ್ನು ಬಿಡಿಸಿ ನೋಡೋಣ, ಯಾಕೆಂದರೆ ಮನೆಯ ಜಗಳ ಎರಡನ್ನೂ ಒಂದೇ ಅಂದುಕೊಂಡದ್ದರಿಂದ ಎದ್ದಿದೆ.

ಮೊದಲನೆಯದು ಆ್ಯಪ್‌ಗೆ ಜೋಡಿಸುವ ಸ್ಮಾರ್ಟ್ ಕ್ಯೂಬ್. ರೂಬಿಕ್ಸ್ ಕನೆಕ್ಟೆಡ್, ಗೋಕ್ಯೂಬ್ ಈ ಜಾತಿಯವು. ಹೊರಗಿನಿಂದ ಇದು 3×3 ಕ್ಯೂಬೇ, ಅಂದರೆ ಮುಖಕ್ಕೆ ಮೂರು ಸಾಲು, ಸಾಲಿಗೆ ಮೂರು ಚೌಕ. ಕ್ಯೂಬಿನ ಆರು ಮುಖಗಳ ನಡುವಿನ ತುಂಡುಗಳು ಪರಸ್ಪರ ಜಾಗ ಬದಲಿಸುವುದಿಲ್ಲ, ಇದ್ದಲ್ಲೇ ಸುತ್ತುತ್ತವೆ. ಅವೆಲ್ಲ ಕೂಡುವ ತಿರುಳಿನಲ್ಲಿ ಸೆನ್ಸರ್ ಕೂತು, ಯಾವ ಮುಖ ಯಾವ ಕಡೆಗೆ ಎಷ್ಟು ತಿರುಗಿತು ಎಂದು ಲೆಕ್ಕ ಇಟ್ಟು ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತದೆ. ಒಂದು ಸ್ವಾರಸ್ಯ ನೋಡಿ: ಅದಕ್ಕೆ ಬಣ್ಣ ಕಾಣಿಸುವುದೇ ಇಲ್ಲ, ತಿರುವು ಮಾತ್ರ ಗೊತ್ತು. ಮೂಲೆಯ ತುಂಡೊಂದು ನಿಂತಲ್ಲೇ ಮಗುಚಿಕೊಂಡರೆ ಅಥವಾ ಮಗ ಕ್ಯೂಬ್ ಕಳಚಿ ತಪ್ಪಾಗಿ ಕೂಡಿಸಿದರೆ, ಕೈಯಲ್ಲಿರುವುದು ಒಂದು, ಫೋನು ತೋರಿಸುವುದು ಇನ್ನೊಂದು. ಕೆಟ್ಟುಹೋಯಿತು ಅಂತ ಅಳುತ್ತ ಬಂದರೆ ಹೆದರಬೇಡಿ. ಸರಿಯಾಗಿ ಜೋಡಿಸಿ ಆ್ಯಪ್‌ನಲ್ಲಿ ರೀಸೆಟ್ ಕೊಟ್ಟರೆ ಸರಿಹೋಗುತ್ತದೆ.

ಎರಡನೆಯದು ಸ್ಕ್ರೀನ್ ಕ್ಯೂಬ್. ವಾವ್‌ಕ್ಯೂಬ್ ಎಂಬುದು ಇದರ ಹೆಸರಾಂತ ಮಾದರಿ, ಈಗ ರೂಬಿಕ್ಸ್ ಹೆಸರಿನಲ್ಲೂ ಬಂದಿದೆ. ಎಂಟು ತುಂಡು, ಒಂದೊಂದಕ್ಕೂ ಮೂರು ಸ್ಕ್ರೀನು, ಒಟ್ಟು 24. ಅಂದರೆ ನಿಮ್ಮ ಮಗ ಆಡುತ್ತಿರುವ 3×3 ಅಲ್ಲವೇ ಅಲ್ಲ, ಇದು 2×2. ತಿರುಗಿಸಿದರೆ, ಓಲಾಡಿಸಿದರೆ, ತಟ್ಟಿದರೆ ಚಿತ್ರಗಳು ಒಂದು ಮುಖದಿಂದ ಇನ್ನೊಂದಕ್ಕೆ ಹರಿಯುತ್ತವೆ. ತಂತ್ರಜ್ಞಾನವಾಗಿ ಚಂದ, ನಾನೂ ಬೆರಗಾಗಿ ನೋಡಿದೆ. ಆದರೆ ಅದು ಕ್ಯೂಬಿನ ಆಕಾರದ ಗೇಮ್ ಕನ್ಸೋಲು. ಬೆಲೆ ನೂರಾರು ಡಾಲರ್, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ.

ಹಾಗಾಗಿ “ಮೊಬೈಲಿನ ಇನ್ನೊಂದು ವೇಷ” ಎಂಬ ನಿಮ್ಮ ಮನೆಯವರ ಮಾತು ಎರಡನೆಯದಕ್ಕೆ ಬಹುಪಾಲು ಸರಿ, ಮೊದಲನೆಯದಕ್ಕೆ ಅರ್ಧ ಸರಿ.

ಯಾಕೆ ಹಾಗೆ ಹೇಳುತ್ತೇನೆ ಎಂದು ತಿಳಿಯಬೇಕಾದರೆ ಸಾದಾ ಕ್ಯೂಬ್ ಮಗುವಿಗೆ ಏನು ಮಾಡುತ್ತದೆ ಎಂದು ನೋಡಬೇಕು. ನನ್ನ ಕ್ಲಿನಿಕ್‌ನಲ್ಲಿ ಕಾಯುವ ಜಾಗದಲ್ಲಿ ಒಂದು ಸಾದಾ ಕ್ಯೂಬ್ ಇರುತ್ತದೆ. ಅದನ್ನು ಹಿಡಿದ ಮಕ್ಕಳ ಮುಖ ಗಮನಿಸುವುದು ನನಗೆ ಅಭ್ಯಾಸ. ಮಗು ನಾಲ್ಕು ತಿರುವು ತಿರುಗಿಸಿ ನಿಲ್ಲುತ್ತದೆ. ಕ್ಯೂಬ್ “ಶಭಾಷ್” ಅನ್ನುವುದಿಲ್ಲ, “ತಪ್ಪು” ಅಂತಲೂ ಅನ್ನುವುದಿಲ್ಲ. ಆಗ ಮಗು ತಾನೇ ನೋಡಬೇಕು, ಮುಂಚೆ ಎಲ್ಲಿತ್ತು, ಈಗ ಎಲ್ಲಿ ಹೋಯಿತು, ವಾಪಸು ತರುವುದು ಹೇಗೆ ಅಂತ. ಆ ಸುಮ್ಮನಿರುವ ಗಳಿಗೆಯಲ್ಲೇ ಕೆಲಸ ನಡೆಯುವುದು. ಇನ್ನೂ ಕಷ್ಟದ್ದು ಅಂದರೆ, ಎರಡನೇ ಸಾಲು ಕೂಡಿಸಲು ಈಗಾಗಲೇ ಸರಿಯಾಗಿರುವ ಮೊದಲ ಸಾಲನ್ನು ಸ್ವಲ್ಪ ಹೊತ್ತು ಕೆಡಿಸಬೇಕಾಗುತ್ತದೆ. ಕೆಡಿಸಿದ್ದು ಮರಳಿ ಬರುತ್ತದೆ ಎಂಬ ಧೈರ್ಯವನ್ನು ಒಂಬತ್ತು ವರ್ಷದ ಹುಡುಗ ತನ್ನ ಕೈಯಿಂದಲೇ ಕಂಡುಕೊಳ್ಳುತ್ತಾನೆ. ಅದನ್ನು ಬಾಯಿಮಾತಿನಲ್ಲಿ ಕಲಿಸುವುದು ನನಗಂತೂ ಆಗಿಲ್ಲ.

ಆದ್ದರಿಂದ ಎಲೆಕ್ಟ್ರಾನಿಕ್ ಆಟಿಕೆಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಆ ಗಳಿಗೆ ಯಾರ ಪಾಲಿಗೆ ಹೋಯಿತು? ಮಗು ತಿರುಗಿಸಿ ಮುಗಿಸಿದ ಮೇಲೆ “ನಿನಗೆ 88 ಸೆಕೆಂಡಾಯಿತು, 140 ತಿರುವಾಯಿತು, ಇಲ್ಲಿ ತಡವರಿಸಿದೆ” ಎಂದು ಹೇಳುವ ಯಂತ್ರ ಸಹಾಯಕ. ಮುಂದಿನ ತಿರುವು ಯಾವುದೆಂದು ಮಿನುಗಿಸಿ ತೋರಿಸುವ ಯಂತ್ರ ಆಟವನ್ನು ತಾನೇ ಆಡಿ ಮಗುವಿನ ಕೈಯನ್ನು ಬಾಡಿಗೆಗೆ ತೆಗೆದುಕೊಳ್ಳುತ್ತದೆ. ತಮಾಷೆಯೆಂದರೆ ಸ್ಮಾರ್ಟ್ ಕ್ಯೂಬಿನ ಒಂದೇ ಆ್ಯಪ್‌ನಲ್ಲಿ ಎರಡೂ ಇರುತ್ತವೆ. ಕಲಿಯುವ ಹಂತದಲ್ಲಿ ಹೆಜ್ಜೆ ತೋರಿಸುವುದು ತಪ್ಪಲ್ಲ, ನಿಮ್ಮ ಮಗನಿಗೂ ಪಕ್ಕದ ಮನೆ ಹುಡುಗ ತೋರಿಸಿದ್ದು ಅದನ್ನೇ. ಆದರೆ ಆ ಹುಡುಗ ಸಂಜೆ ಮನೆಗೆ ಹೋಗುತ್ತಾನೆ, ಆ್ಯಪ್ ಹೋಗುವುದಿಲ್ಲ.

ಸಂಶೋಧನೆ ಏನನ್ನುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆ್ಯನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳನ್ನು ಹೆತ್ತವರ ಜೊತೆ ಮನೆಯಲ್ಲೇ ಆಡಲು ಬಿಟ್ಟು ಮಾತುಗಳನ್ನು ದಾಖಲಿಸಿದರು. ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ಹೆತ್ತವರು ಆಡಿದ ಮಾತು ಕಡಿಮೆ, ಪುಸ್ತಕ ಹಿಡಿದಾಗ ಹೆಚ್ಚು. ಆಟಿಕೆಯೇ ಮಾತಾಡುವಾಗ ದೊಡ್ಡವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಕಾರಗಳನ್ನು ಆಯಾ ತೂತಿಗೆ ಹಾಕುವ ಡಬ್ಬದ ಆಟಿಕೆ ಇದೆಯಲ್ಲ, ಅದರ ಸಾದಾ ಮಾದರಿ, ಎಲೆಕ್ಟ್ರಾನಿಕ್ ಮಾದರಿ ಎರಡನ್ನೂ ಕೊಟ್ಟು ನೋಡಿದವರೂ ಇದ್ದಾರೆ. ಮೇಲೆ, ಕೆಳಗೆ, ಮೂಲೆ, ತಿರುಗಿಸು ಎಂಬಂಥ ಮಾತುಗಳು ಎಲೆಕ್ಟ್ರಾನಿಕ್ ಡಬ್ಬದ ಜೊತೆ ಇಳಿದವು. ಇವೆಲ್ಲ ಎಳೆಯ ಮಕ್ಕಳ ಅಧ್ಯಯನಗಳು, ಒಂಬತ್ತು ವರ್ಷದವನಿಗೆ ನೇರವಾಗಿ ಹೊಂದಿಸಬಾರದು. ನಿಮ್ಮ ಮಗಳ ವಯಸ್ಸಿಗೆ ಹೆಚ್ಚು ಹತ್ತಿರದವು. ಅಣ್ಣನಿಗೆ ಬಂದಿತೆಂದು ಅವಳಿಗೂ ಒಂದು ಮಾತಾಡುವ ಬೊಂಬೆಯೋ, ಎಬಿಸಿಡಿ ಹಾಡುವ ಲ್ಯಾಪ್‌ಟಾಪೋ ತರಬೇಡ ಎಂದು ತಮ್ಮನಿಗೆ ಈಗಲೇ ಹೇಳಿಬಿಡಿ. ಚನ್ನಪಟ್ಟಣದ ಮರದ ಉಂಗುರಗಳನ್ನು ಒಂದರ ಮೇಲೊಂದು ಪೇರಿಸುತ್ತ ಅತ್ತೆಯವರೋ ನೀವೋ ಅವಳ ಜೊತೆ ಹರಟಿದರೆ ಆ ಯಂತ್ರಕ್ಕಿಂತ ಹೆಚ್ಚು ಭಾಷೆ ಕಲಿಯುತ್ತಾಳೆ.

ಈಗ ಬೋರ್ಡಿನ ಮೇಲಿನ ಐಕ್ಯೂ. ಕ್ಯೂಬ್ ಜೋಡಿಸಲು ಬುದ್ಧಿ ಬೇಕೆಂಬುದು ನಿಜ, ಆದರೆ ವೇಗವಾಗಿ ಜೋಡಿಸುವುದು ಬಹುಪಾಲು ಕೈಯ ನೆನಪು. ಇಂಥ ಸ್ಥಿತಿ ಕಂಡರೆ ಇಂಥ ತಿರುವುಗಳ ಸರಣಿ, ಅದನ್ನವರು ಆಲ್ಗರಿದಮ್ ಅನ್ನುತ್ತಾರೆ. ನೂರಾರು ಸಲ ಮಾಡಿ ಬೆರಳಿಗೆ ಹತ್ತಿಸಿಕೊಳ್ಳುತ್ತಾರೆ. ಅದರಿಂದ ಕ್ಯೂಬ್ ಚೆನ್ನಾಗಿ ಬರುತ್ತದೆ, ಗಣಿತದ ಅಂಕ ತಾನಾಗಿ ಏರುವುದಿಲ್ಲ. ಚೆಸ್, ಸಂಗೀತ, ಕಂಪ್ಯೂಟರಿನ ಬ್ರೈನ್ ಟ್ರೈನಿಂಗ್ ಆಟಗಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಸಂಶೋಧಕರ ತೀರ್ಮಾನವೂ ಇದೇ ದಾರಿಯದು: ಕಲಿತದ್ದು ಅದಕ್ಕೆ ಹತ್ತಿರದ ಕೆಲಸಕ್ಕೆ ಒದಗುತ್ತದೆ, ದೂರದ ವಿದ್ಯೆಗೆ ಹರಿಯುವುದು ತೀರ ಕಡಿಮೆ. 2016ರಲ್ಲಿ ಲುಮೋಸಿಟಿ ಎಂಬ ಬ್ರೈನ್ ಟ್ರೈನಿಂಗ್ ಕಂಪನಿಯ ಮೇಲೆ, ಆಧಾರವಿಲ್ಲದ ಭರವಸೆ ಕೊಟ್ಟು ಜಾಹೀರಾತು ಮಾಡಿದೆ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 20 ಲಕ್ಷ ಡಾಲರ್ ತೆತ್ತು ಅವರು ಆ ಮೊಕದ್ದಮೆ ಮುಗಿಸಿಕೊಳ್ಳಬೇಕಾಯಿತು. ನಿಮ್ಮೂರಿನ ಕ್ಲಾಸಿನವರಿಗೆ ಒಂದೇ ಪ್ರಶ್ನೆ ಕೇಳಿ: ಐಕ್ಯೂ ಹೆಚ್ಚಿದ್ದನ್ನು ಹೇಗೆ ಅಳೆದಿರಿ? ಕೋರ್ಸಿನ ಬೆಲೆಯಲ್ಲಿ ಕ್ಯೂಬಿನ ಪಾಲೆಷ್ಟು ಎಂಬುದನ್ನೂ ಬಿಡಿಸಿ ಕೇಳಿ. ನಾಲ್ಕು ಮಕ್ಕಳ ಜೊತೆ ಕೂತು ಆಡಲು ಒಂದು ಜಾಗ ಸಿಗುತ್ತದೆ ಎಂದು ಸೇರಿಸುವುದಾದರೆ ನನ್ನ ಅಡ್ಡಿಯಿಲ್ಲ. ಐಕ್ಯೂಗಾಗಿ ಆದರೆ ದುಡ್ಡು ಉಳಿಸಿ.

ಹಾಗಂತ ಕ್ಯೂಬಿನಿಂದ ಲಾಭವೇ ಇಲ್ಲ ಎಂದಲ್ಲ. ಅಮೆರಿಕದ ಕ್ಯೂಬ್ ಚಾಂಪಿಯನ್ ಮ್ಯಾಕ್ಸ್ ಪಾರ್ಕ್ ಹೆಸರನ್ನು ನಿಮ್ಮ ಮಗ ಕೇಳಿಯೇ ಇರುತ್ತಾನೆ. ಎಳವೆಯಲ್ಲೇ ಆಟಿಸಂ ಇದೆಯೆಂದು ಗೊತ್ತಾದ ಹುಡುಗ. ಬೆರಳುಗಳ ಹಿಡಿತ ಬರಲಿ ಎಂದು ತಾಯಿ ಕ್ಯೂಬ್ ಕೊಟ್ಟರು. 2023ರಲ್ಲಿ 3.13 ಸೆಕೆಂಡಿನಲ್ಲಿ ಜೋಡಿಸಿ ಆಗಿನ ವಿಶ್ವದಾಖಲೆ ಮಾಡಿದ. ಸ್ಪರ್ಧೆಗಳಿಗೆ ಹೋಗುತ್ತ ಸರದಿ ಕಾಯುವುದು, ಬೇರೆಯವರತ್ತ ನೋಡುವುದು, ಬೆರೆಯುವುದು ಬಂತೆಂದು ಅವನ ತಂದೆತಾಯಿ ಹೇಳಿಕೊಂಡಿದ್ದಾರೆ. ಇದನ್ನು ಓದಿಕೊಂಡು “ನಮ್ಮ ಮಗುವಿಗೂ ಕ್ಯೂಬ್ ಕೊಟ್ಟರೆ ಆಟಿಸಂ ಹೋಗುತ್ತಾ?” ಎಂದು ಬರುವ ಹೆತ್ತವರು ನನ್ನಲ್ಲಿ ಇದ್ದಾರೆ. ಹೋಗುವುದಿಲ್ಲ. ಆ ಹುಡುಗನಿಗೆ ಅದು ಜನರ ನಡುವೆ ಹೋಗುವ ಬಾಗಿಲಾಯಿತು. ಇನ್ನೊಂದು ಮಗುವಿಗೆ ಅಂಥ ಬಾಗಿಲು ಈಜೋ, ತಬಲವೋ ಆಗಬಹುದು.

“ಚಾಂಪಿಯನ್‌ಗಳೆಲ್ಲ ಅದರಲ್ಲೇ” ಎಂಬ ಮಗನ ವಾದಕ್ಕೆ ಉತ್ತರ ಸ್ಪರ್ಧೆಯ ನಿಯಮದಲ್ಲೇ ಇದೆ. ಕ್ಯೂಬ್ ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್‌ನ ಸ್ಪರ್ಧೆಗಳಲ್ಲಿ ಎಲೆಕ್ಟ್ರಾನಿಕ್ಸ್ ಇರುವ ಕ್ಯೂಬ್ ಬಳಸುವಂತಿಲ್ಲ. ಅಭ್ಯಾಸಕ್ಕೆ ಕೆಲವರು ಸ್ಮಾರ್ಟ್ ಕ್ಯೂಬ್ ಇಟ್ಟುಕೊಂಡಿರುತ್ತಾರೆ, ಸುಳ್ಳಲ್ಲ. ಆದರೆ ಸ್ಪರ್ಧೆಯ ಟೇಬಲ್ ಮುಂದೆ ಕೂತಾಗ ಸಾದಾ ಕ್ಯೂಬೇ. ಮುಚ್ಚಿಟ್ಟ ಕ್ಯೂಬನ್ನು ತೆರೆದು ನೋಡಿ ಯೋಚಿಸಲು 15 ಸೆಕೆಂಡು ಕೊಡುತ್ತಾರೆ. ಐದು ಸಲ ಜೋಡಿಸಬೇಕು, ಅತಿ ವೇಗದ್ದು, ಅತಿ ನಿಧಾನದ್ದು ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ. ಬೆಂಗಳೂರಿನಲ್ಲೂ ಇಂಥ ಸ್ಪರ್ಧೆಗಳು ನಡೆಯುತ್ತವೆ, ಕಡಿಮೆ ವಯಸ್ಸು ಎಂಬ ಅಡ್ಡಿಯಿಲ್ಲ. ಒಂದೂವರೆ ನಿಮಿಷದ ಹುಡುಗ ಹೋದರೆ ಗೆಲ್ಲುವುದಿಲ್ಲ. ಹೋಗಲಿ ಎನ್ನುತ್ತೇನೆ. ತನ್ನದೇ ವಯಸ್ಸಿನವರು ಯಾವ ಕ್ಯೂಬ್ ಹಿಡಿದಿದ್ದಾರೆ, ಬೆರಳನ್ನು ಹೇಗೆ ಆಡಿಸುತ್ತಾರೆ ಎಂದು ಅಲ್ಲಿ ಕಣ್ಣಾರೆ ನೋಡಿದರೆ ನಿಮ್ಮ ಅರ್ಧ ವಾದ ಮುಗಿದಂತೆ.

ಮಾವನವರ ರೇಡಿಯೇಷನ್ ಭಯಕ್ಕೆ ಹೆಚ್ಚು ಹೊತ್ತು ಬೇಡ. ಸ್ಮಾರ್ಟ್ ಕ್ಯೂಬಿನ ಬ್ಲೂಟೂತ್ ಹೊರಸೂಸುವುದು ಮಿಲಿವ್ಯಾಟ್ ಲೆಕ್ಕದ ರೇಡಿಯೋ ತರಂಗ. ಕಿವಿಗಾನಿಸಿ ಮಾತಾಡುವ ಮೊಬೈಲಿನದಕ್ಕಿಂತ ಬಹಳ ಕಡಿಮೆ, ಎಕ್ಸ್‌ರೇ ಜಾತಿಯದೂ ಅಲ್ಲ. ಅವರಿಗೆ ಧೈರ್ಯವಾಗಿ ಹೇಳಿ. ಮಿನುಗುವ ಬೆಳಕಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಮನೆಯಲ್ಲಿ ಯಾವ ಮಗುವಿಗಾದರೂ ಫಿಟ್ಸ್ ಇದ್ದರೆ ವೇಗವಾಗಿ ಮಿಂಚುವ ಆಟಿಕೆ ಕೊಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ.

ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ಆ್ಯಪ್‌ನ ವಿಷಯ. ಕೆಲವು ಫೋನ್‌ಗಳಲ್ಲಿ ಕ್ಯೂಬಿನ ಆ್ಯಪ್ ತೆರೆದ ಕೂಡಲೇ ಲೊಕೇಶನ್ ಕೇಳುತ್ತದೆ, ಆಟಿಕೆಗೆ ನಮ್ಮ ಮನೆ ಎಲ್ಲಿದೆ ಅಂತ ಯಾಕೆ ಬೇಕು ಎಂದು ಜನ ಗಾಬರಿಯಾಗುತ್ತಾರೆ. ಪ್ರತಿಸಲವೂ ಅದು ಕಳ್ಳತನವಲ್ಲ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹತ್ತಿರದ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕೇ ಬೇಕಿತ್ತು, ಆಂಡ್ರಾಯ್ಡ್ 12ರಿಂದ ಅದಕ್ಕೆ ಬೇರೆ ಅನುಮತಿ ಬಂದಿದೆ. ಗಾಬರಿಯಾಗಬೇಕಾದದ್ದು ಮಗುವಿನ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಫೋಟೋ, ಮೈಕ್, ಕಾಂಟ್ಯಾಕ್ಟ್ ಕೇಳಿದಾಗ. ಕ್ಯೂಬ್ ತಿರುಗಿಸಲು ಇವ್ಯಾವುದೂ ಬೇಡ. 2015ರಲ್ಲಿ ವಿಟೆಕ್ ಎಂಬ ಎಲೆಕ್ಟ್ರಾನಿಕ್ ಆಟಿಕೆ ಕಂಪನಿಯ ಮಾಹಿತಿ ಕಣಜಕ್ಕೆ ಕನ್ನ ಬಿದ್ದು ಲಕ್ಷಾಂತರ ಮಕ್ಕಳ ವಿವರ ಹೊರಬಿತ್ತು, 2018ರಲ್ಲಿ ಆರೂವರೆ ಲಕ್ಷ ಡಾಲರ್ ತೆತ್ತು ಅವರು ಅಮೆರಿಕದ ಸರ್ಕಾರದ ಜೊತೆ ಇತ್ಯರ್ಥ ಮಾಡಿಕೊಂಡರು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರನ್ನೆಲ್ಲ ಮಕ್ಕಳೆಂದೇ ಗಣಿಸಿ, ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇದೆಯೆಂದು ನೀವು ಕಣ್ಣುಮುಚ್ಚಿ ಒಪ್ಪಿಗೆ ಒತ್ತಿದರೆ ಅದು ಏನೂ ಮಾಡಲಾರದು.

ಇನ್ನು ನಿಮ್ಮ ಮುಂದಿರುವ ದಾರಿಗಳು.

ನನ್ನನ್ನು ಕೇಳಿದರೆ ಈ ವರ್ಷಕ್ಕೆ ಒಂದು ಒಳ್ಳೆಯ ಸಾದಾ ಮ್ಯಾಗ್ನೆಟಿಕ್ 3×3 ಸಾಕು. ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಇಲ್ಲೇ ಸಿಗುತ್ತದೆ, ಐಎಸ್‌ಐ ಗುರುತು ನೋಡಿ ಕೊಳ್ಳಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ಒಂದೂವರೆ ನಿಮಿಷದವನು ಒಂದು ನಿಮಿಷಕ್ಕೆ ಇಳಿಯಲು ಬೇಕಾದದ್ದು ಸರಾಗವಾಗಿ ತಿರುಗುವ ಕ್ಯೂಬು ಮತ್ತು ಮುಂದಿನ ತುಂಡನ್ನು ಕಣ್ಣಲ್ಲೇ ಹುಡುಕುವ ಅಭ್ಯಾಸ. ಸೆನ್ಸರಿನ ಅಂಕಿಅಂಶ ಆ ಮಟ್ಟದಲ್ಲಿ ಅವನಿಗೆ ಅರ್ಥವೂ ಆಗದು. ಇದರ ತೊಂದರೆಯೊಂದೇ, ಮಾವ ಅಮೆರಿಕದಿಂದ ತಂದದ್ದು ಎಂಬ ಗತ್ತು ಇದಕ್ಕಿಲ್ಲ. ಅದನ್ನು ಹಗುರವಾಗಿ ಕಾಣಬೇಡಿ, ಮಕ್ಕಳ ಲೋಕದಲ್ಲಿ ಅದಕ್ಕೂ ಬೆಲೆಯಿದೆ.

ತಮ್ಮ ಬರಿಗೈಯಲ್ಲಿ ಬರಲಾರೆ ಅಂದರೆ ಆ್ಯಪ್‌ಗೆ ಜೋಡಿಸುವ ಕ್ಯೂಬ್ ತರಲಿ. ಇದರ ಒಂದು ಗುಣ ನನಗೆ ಹಿಡಿಸಿದೆ: ಫೋನು ಆಫ್ ಇದ್ದರೂ ಚಾರ್ಜು ಮುಗಿದರೂ ಅದು ಕ್ಯೂಬಾಗಿಯೇ ಉಳಿಯುತ್ತದೆ. ಅಂಥ ಆಟಿಕೆ ಪೂರ್ತಿ ದಂಡವಾಗುವುದಿಲ್ಲ. ಆದರೆ ಕೆಟ್ಟರೆ ರಿಪೇರಿ ಮಾಡುವವರು ದಾವಣಗೆರೆಯಲ್ಲಿ ಸಿಗುವುದು ಕಷ್ಟ, ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಲಿ. ಆನ್‌ಲೈನ್ ರೇಸ್ ಎಂಬ ವಿಭಾಗವಿದ್ದರೆ ಅಪರಿಚಿತರ ಜೊತೆ ಆಡುವ ಸೌಲಭ್ಯ, ಚಾಟ್ ಇದ್ದರೆ ಅದೂ ಸೇರಿ, ಬಂದ್ ಮಾಡಿ.

ಸ್ಕ್ರೀನ್ ಕ್ಯೂಬನ್ನು ನಾನು ಒಂಬತ್ತಕ್ಕೆ ಸೂಚಿಸುವುದಿಲ್ಲ. ಕೆಟ್ಟದ್ದು ಎಂದಲ್ಲ, ದುಬಾರಿ, ಮತ್ತು ನಿಮ್ಮ ಮಗ ಇಷ್ಟಪಟ್ಟಿರುವ ಆಟ ಅದರಲ್ಲಿಲ್ಲ. ಬಂದೇಬಿಟ್ಟರೆ ಅದನ್ನು ಆಟಿಕೆಗಳ ಬುಟ್ಟಿಗೆ ಹಾಕದೆ ಟಿವಿ, ಮೊಬೈಲಿನ ಲೆಕ್ಕಕ್ಕೆ ಹಾಕಿ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಹೀಗಿದೆ: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತಕ್ಕೆ ಎರಡು ಗಂಟೆಗಿಂತ ಕಡಿಮೆ. ಕ್ಯೂಬಿನ ಆಕಾರದಲ್ಲಿದೆ ಎಂದು ಅದಕ್ಕೆ ರಿಯಾಯಿತಿ ಇಲ್ಲ.

ಊಟದ ಹೊತ್ತಿನ ಕ್ಯೂಬ್ ಬಗ್ಗೆಯೂ ಬರೆದಿದ್ದೀರಿ. ಅದು ಸಾದಾ ಕ್ಯೂಬೇ ಆದರೂ ತಟ್ಟೆ ಬಂದಾಗ ಕೆಳಗಿಡಬೇಕು. ನನಗೆ ಸ್ಕ್ರೀನ್ ಮೇಲೆ ಮಾತ್ರ ಸಿಟ್ಟು ಎಂದು ತಿಳಿಯಬೇಡಿ. ವಿಪರೀತ ತಿರುಗಿಸಿ ಹೆಬ್ಬೆರಳು ನೋಯಿಸಿಕೊಂಡವರ ಬಗ್ಗೆ 1980ರ ದಶಕದ ಆರಂಭದಲ್ಲೇ ವೈದ್ಯರು ಬರೆದಿದ್ದಾರೆ. ಬೆರಳು, ಮಣಿಕಟ್ಟು ನೋವೆಂದರೆ ಎರಡು ದಿನ ವಿಶ್ರಾಂತಿ ಕೊಡಿಸಿ. ಶಾಲೆ, ನಿದ್ದೆ, ಗೆಳೆಯರು ಮೂರೂ ಸರಿಯಾಗಿದ್ದು ಉಳಿದ ಹೊತ್ತೆಲ್ಲ ಕ್ಯೂಬೇ ಆದರೆ ಅದು ಹುಚ್ಚಲ್ಲ, ಹುರುಪು. ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನೇ ಹದಕ್ಕೆ ಬರುತ್ತದೆ.

ತಮ್ಮ ಈಗಾಗಲೇ ಕೊಂಡುಬಿಟ್ಟಿದ್ದರೆ ಮನೆಯಲ್ಲಿ ಜಗಳ ಬೇಡ. ಹಬ್ಬದ ದಿನ ಪೆಟ್ಟಿಗೆ ಬಿಚ್ಚುವ ಮುಂಚೆ ಖಾತೆಯನ್ನು ನಿಮ್ಮ ಫೋನಿನಲ್ಲಿ, ನಿಮ್ಮ ಇಮೇಲಿನಲ್ಲಿ ತೆರೆಯಿರಿ. ಮಗನಿಗೆ ಒಂದು ಅಡ್ಡಹೆಸರು ಕೊಡಿ, ಫೋಟೋ ಬೇಡ. ಮುಂದಿನ ಹೆಜ್ಜೆ ತೋರಿಸುವ ವಿಭಾಗಕ್ಕಿಂತ ಸಮಯ ಅಳೆಯುವ ವಿಭಾಗವನ್ನೇ ಮೊದಲು ತೆರೆದುಕೊಡಿ. ಚಾರ್ಜಿಗೆ ಹಾಕುವುದು ದೊಡ್ಡವರ ಕೆಲಸ. ರಾತ್ರಿ ದಿಂಬಿನ ಕೆಳಗೆ ಚಾರ್ಜ್ ಬೇಡ. ಬ್ಯಾಟರಿಯ ಜಾಗ ಉಬ್ಬಿದಂತೆ ಕಂಡರೆ ಅಥವಾ ಕೈಗೆ ಬಿಸಿಯೆನಿಸಿದರೆ ಅಂದಿಗೇ ಬಳಕೆ ನಿಲ್ಲಿಸಿ. ಎರಡು ಕ್ಯೂಬುಗಳೂ ಮಗಳ ಕೈಗೆಟುಕದ ಅಟ್ಟದಲ್ಲಿರಲಿ, ತೆಗೆದುಕೊಂಡವನೇ ವಾಪಸಿಡಬೇಕು ಎಂಬ ಷರತ್ತನ್ನು ಮಗನಿಗೆ ಮಾವನ ಬಾಯಿಂದಲೇ ಹೇಳಿಸಿ. ಹಬ್ಬಕ್ಕೆ ಬಂದ ಸೋದರಮಾವನ ಮಾತು ನಡೆದಷ್ಟು ನಿಮ್ಮ ನನ್ನ ಮಾತು ನಡೆಯುವುದಿಲ್ಲ.